ಯಾರು ಹಚ್ಚಿದ ಬೆಂಕಿ?

ಬಾಲ್ಯದಲ್ಲಿ ನಮ್ಮ ಮನೆಯ ಬಚ್ಚಲೊಲೆಗೆ ನೀಲಗಿರಿಯ ಒಣ ಎಲೆ ಹಾಕುವುದು ನನ್ನ ಪಾಲಿನ ಕೆಲಸವಾಗಿತ್ತು. ಒಂದು ಹಿಡಿ ಬಿದ್ದೊಡನೆ ಚಟಪಟನೆ ಸಿಡಿದು ಹಂಡೆಯ ಸುತ್ತ ಜ್ವಾಲೆ ಏಳುತ್ತಿತ್ತು. ಎಲೆಯೊಳಗಿನ ಎಣ್ಣೆಯ ಗುಣವದು. ಈ ಮರದ ತವರು ಆಸ್ಟ್ರೇಲಿಯ. ಅಲ್ಲಿ ಇದರ ಜಾತಿಯ ಮರಗಳು ಬೆಟ್ಟಬೆಟ್ಟಗಳನ್ನೇ ತುಂಬಿ ನಿಂತಿವೆ. ಆ ಬೆಟ್ಟಗಳು ಉರಿದ ಒಂದು ದಿನವನ್ನೂ, ಅದರ ವಿಚಾರಣೆ ನಡೆಸಿದ ನ್ಯಾಯಾಧೀಶರೊಬ್ಬರನ್ನೂ ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

ಅದು 1939ರ ಜನವರಿ 13, ಶುಕ್ರವಾರ. ಅಲ್ಲಿ ಜನವರಿಯೆಂದರೆ ಕಡುಬೇಸಿಗೆ. ವಿಕ್ಟೋರಿಯ ಪ್ರಾಂತ ದೀರ್ಘಕಾಲದ ಅನಾವೃಷ್ಟಿಯಿಂದ ಒಣಗಿಹೋಗಿತ್ತು. ಅಂದು ಮೆಲ್ಬರ್ನ್ ನಗರದ ಉಷ್ಣತೆ 45.6 ಡಿಗ್ರಿ ಸೆಲ್ಸಿಯಸ್. ದಿನಗಟ್ಟಲೆಯಿಂದ ಅಲ್ಲಲ್ಲಿ ಹೊಗೆಯಾಡುತ್ತಿದ್ದ ಕಿಚ್ಚುಗಳೆಲ್ಲ ಉತ್ತರದ ಬಿಸಿಗಾಳಿಗೆ ಒಂದಾದವು. ಮರಗಳಿಂದ ಜೋತುಬಿದ್ದ ತೊಗಟೆಯ ಪಟ್ಟಿಗಳು ಹೊತ್ತಿಕೊಂಡು ಹಾರಿ, ಬೆಂಕಿಗಿಂತ ಎಷ್ಟೋ ಮುಂದೆ ಬಿದ್ದು ಹೊಸ ಬೆಂಕಿಯನ್ನೆಬ್ಬಿಸಿದವು. ಆ ಬೇಸಿಗೆಯಲ್ಲಿ ಸುಟ್ಟದ್ದು ಸುಮಾರು 20 ಲಕ್ಷ ಹೆಕ್ಟೇರ್ ನೆಲ. ಸತ್ತವರು 71 ಮಂದಿ. ನೂಜೀ, ನಾರ್ಬೆತಾಂಗ್‌ಗಳಂಥ ಊರುಗಳು ನೆಲಸಮವಾದವು. ಬೂದಿ ಸಮುದ್ರ ದಾಟಿ ನ್ಯೂಜಿಲೆಂಡಿನಲ್ಲಿ ಬಿದ್ದಿತಂತೆ.

ನಾಶವಾದವುಗಳಲ್ಲಿ 69 ಮರಕೊಯ್ಯುವ ಗಿರಣಿಗಳಿದ್ದವು. ನಡುಕಾಡಿನ ಆ ಗಿರಣಿಗಳ ಪಕ್ಕದಲ್ಲೇ ಕೆಲಸಗಾರರ ಸಂಸಾರಗಳೂ ಇರುತ್ತಿದ್ದವು. ಬೆಂಕಿ ಸುತ್ತುವರಿದರೆ ಓಡಲು ದಾರಿಯಿಲ್ಲ. ಉಳಿದದ್ದೊಂದೇ ಉಪಾಯ: ನೆಲ ಅಗೆದು, ಮೇಲೆ ದಿಮ್ಮಿ ಮಣ್ಣು ಹೊದಿಸಿದ ಗುಂಡಿಯಲ್ಲಿ ಅಡಗಿ, ಬಾಗಿಲಿಗೆ ಒದ್ದೆ ಕಂಬಳಿ ಹಿಡಿದು ನಿಲ್ಲುವುದು. ಕೆಲವು ಗುಂಡಿಗಳು ಜೀವ ಉಳಿಸಿದವು. ಒಂದೆರಡರಲ್ಲಿ ಹೊಕ್ಕವರು ಉಸಿರುಗಟ್ಟಿ ಸತ್ತರು. ಎಷ್ಟೋ ಗಿರಣಿಗಳಲ್ಲಿ ಗುಂಡಿಯೇ ಇರಲಿಲ್ಲ.

ತಿಂಗಳು ಮುಗಿಯುವುದರೊಳಗೆ ನ್ಯಾಯಾಧೀಶ ಲಿಯೊನಾರ್ಡ್ ಸ್ಟ್ರೆಟನ್ನರ ವಿಚಾರಣೆ ಆರಂಭವಾಯಿತು. ಅವರು ಸುಟ್ಟ ಊರುಗಳಿಗೇ ಹೋಗಿ ಸಾಕ್ಷ್ಯ ಕೇಳಿದರು. ಸತ್ಯ ಸುಲಭವಾಗಿ ಸಿಗಲಿಲ್ಲ. ಬಾಯಿಬಿಟ್ಟರೆ ಕೆಲಸ ಹೋದೀತೆಂದು ಕೂಲಿಕಾರರಿಗೆ ಭಯ. ಬಡ್ತಿ ತಪ್ಪೀತೆಂದು ಅರಣ್ಯಾಧಿಕಾರಿಗಳಿಗೆ ಭಯ. ಈ ಅಳುಕನ್ನೂ ಅವರು ವರದಿಯಲ್ಲಿ ಬರೆದಿಟ್ಟರು. ಸಾಮಾನ್ಯವಾಗಿ ಇಂಥ ವರದಿಗಳು ದೈವದ ಮೇಲೋ ಸಿಡಿಲಿನ ಮೇಲೋ ಭಾರ ಹಾಕಿ ಮುಗಿಯುತ್ತವೆ. ಸ್ಟ್ರೆಟನ್ನರು ಹಾಗೆ ಮಾಡಲಿಲ್ಲ. ಬೆಂಕಿ ಹಚ್ಚಿದ ಕೈ ಮನುಷ್ಯನದೇ ಎಂದರು. ಎಳೆಹುಲ್ಲಿಗಾಗಿ ದನಗಾಹಿ, ನೆಲ ಹಸನಾಗಲೆಂದು ಒಕ್ಕಲಿಗ, ಪೊದೆ ಸವರಲೆಂದು ಗಣಿ ಹುಡುಕುವವ: ಎಲ್ಲರೂ ತಂತಮ್ಮ ಅನುಕೂಲಕ್ಕೆ ಕಡ್ಡಿ ಗೀರಿದವರು. ಯಾರೂ ಕಾಡು ಸುಡಲೆಂದು ಹೊರಟವರಲ್ಲ.

ಆ ವರದಿಯ ಗದ್ಯ ಎಷ್ಟು ಬಿಗಿಯಾಗಿತ್ತೆಂದರೆ, ಮುಂದೆ ಅದು ಅಲ್ಲಿನ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಪಠ್ಯವಾಯಿತು. ಸರ್ಕಾರಿ ಕಾಗದವೊಂದಕ್ಕೆ ಇಂಥ ಭಾಗ್ಯ ಬಂದದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ! ಆದರೆ ಓದಿಗೆ ಒದಗಿದಷ್ಟು ಬೇಗ ಅದು ಕಾರ್ಯಕ್ಕೆ ಒದಗಲಿಲ್ಲ. 1944ರ ಆರಂಭದಲ್ಲಿ ಮತ್ತೆ ಬೆಂಕಿ ಬಿದ್ದು, ಸ್ಟ್ರೆಟನ್ನರೇ ಮತ್ತೊಮ್ಮೆ ವಿಚಾರಣೆ ನಡೆಸಬೇಕಾಯಿತು. ಆಮೇಲಷ್ಟೇ, 1945ರಲ್ಲಿ, ಹಳ್ಳಿಹಳ್ಳಿಯ ಸ್ವಯಂಸೇವಕರ ಅಗ್ನಿಶಾಮಕ ತಂಡಗಳು ಒಂದೇ ಆಡಳಿತದ ಕೆಳಗೆ ಬಂದವು.

1983ರ ಫೆಬ್ರವರಿಯಲ್ಲಿ ವಿಕ್ಟೋರಿಯ ಮತ್ತು ದಕ್ಷಿಣ ಆಸ್ಟ್ರೇಲಿಯಗಳಲ್ಲಿ 75 ಮಂದಿ, 2009ರ ಫೆಬ್ರವರಿ 7ರಂದು ಹೊತ್ತಿದ ಬೆಂಕಿಯಲ್ಲಿ ವಿಕ್ಟೋರಿಯವೊಂದರಲ್ಲೇ 173 ಮಂದಿ ಸತ್ತರು. ಮನೆಯಲ್ಲಿ ನಿಂತು ಬೆಂಕಿಯನ್ನೆದುರಿಸಬೇಕೆ, ಮೊದಲೇ ಊರು ಬಿಡಬೇಕೆ ಎಂಬ ವಾದ ಆಗ ಮತ್ತೆ ಎದ್ದಿತು. ಜೊತೆಗೆ ಆ ಹಳೆಯ ಗುಂಡಿಯ ಮಾತೂ ಬಂತು: 2010ರಲ್ಲಿ, ಮನೆಯಂಗಳದ ಆಶ್ರಯಗುಂಡಿ ಹೇಗಿರಬೇಕೆಂದು ಸರ್ಕಾರದ ಮಾನದಂಡ ಹೊರಬಿತ್ತು.