ವಿಂಗ್‌ಸೂಟ್ ತೊಟ್ಟರೆ ಯಾರು ಬೇಕಾದರೂ ಹಾರಬಹುದೇ? ಟ್ಯಾಂಡೆಮ್ ಸ್ಕೈಡೈವಿಂಗ್‌ಗೆ ಹೋಗುವ ಮುನ್ನ ತಿಳಿಯಬೇಕಾದದ್ದು

ನಿಮ್ಮ ಫ್ಯಾಮಿಲಿ ಗ್ರೂಪಿಗೂ ಈ ಎರಡು ಬಗೆಯ ವಿಡಿಯೊಗಳು ಬಂದಿರಬಹುದು. ಒಂದರಲ್ಲಿ, ಕೈಕಾಲುಗಳ ನಡುವೆ ಬಟ್ಟೆ ಹೊಲಿದ ಸೂಟು ತೊಟ್ಟ ವ್ಯಕ್ತಿ ಬೆಟ್ಟದ ತುದಿಯಿಂದ ಜಿಗಿದು, ಬಂಡೆಗಳ ಪಕ್ಕದಲ್ಲೇ ಬಾವಲಿಯಂತೆ ತೇಲಿ ಹೋಗುತ್ತಾನೆ. ಇನ್ನೊಂದರಲ್ಲಿ, ನಮ್ಮ ನಿಮ್ಮಂಥವರೇ ಯಾರೋ ಇನ್‌ಸ್ಟ್ರಕ್ಟರ್ ಎದೆಗೆ ಕಟ್ಟಿಸಿಕೊಂಡು ವಿಮಾನದಿಂದ ಜಿಗಿದು ಕಿರುಚುತ್ತಾರೆ. ಜೊತೆಗೆ “ಈ ಸೂಟು ಹಾಕಿಕೊಂಡರೆ ಯಾರು ಬೇಕಾದರೂ ಹಕ್ಕಿಯಂತೆ ಹಾರಬಹುದು”, “ಅಷ್ಟು ಎತ್ತರದಲ್ಲಿ ಉಸಿರಾಡಲು ಆಗುವುದಿಲ್ಲ” ಎಂಬಂಥ ಸಾಲುಗಳು. ಇದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು, ದುಡ್ಡು ಕಟ್ಟುವ ಮುನ್ನ ಏನು ಕೇಳಬೇಕು ಎಂಬುದನ್ನು ಇಲ್ಲಿ ನೋಡೋಣ.

ಚುಟುಕಾಗಿ ಹೇಳುವುದಾದರೆ

ಟ್ಯಾಂಡೆಮ್ ಜಿಗಿತದಲ್ಲಿ ನೀವು ಇನ್ನೊಬ್ಬರ ಅನುಭವವನ್ನು ನಂಬಿ ಜಿಗಿಯುತ್ತೀರಿ. ವಿಂಗ್‌ಸೂಟ್‌ನಲ್ಲಿ ನಿಮ್ಮನ್ನು ಕಾಯುವುದು ನಿಮ್ಮದೇ ಅನುಭವ. ಈ ಎರಡರ ನಡುವೆ ಕಡಿಮೆಯೆಂದರೂ 200 ಜಿಗಿತಗಳ ಅಂತರವಿದೆ. ಆದ್ದರಿಂದ “ಮೊದಲ ಸಲವೇ ವಿಂಗ್‌ಸೂಟ್ ಹಾರಾಟ” ಎಂದು ಯಾರಾದರೂ ಜಾಹೀರಾತು ಕೊಟ್ಟರೆ ಅದನ್ನು ನಂಬಬೇಡಿ.

ಯಾವುದಕ್ಕೆ ಏನೆಂದು ಹೆಸರು?

ಫಾರ್ವರ್ಡ್‌ಗಳಲ್ಲಿ ಇವೆಲ್ಲ ಒಂದೇ ಎಂಬಂತೆ ಕಲೆತುಹೋಗುತ್ತವೆ. ಕಡಲತೀರದಲ್ಲಿ ದೋಣಿಗೆ ಹಗ್ಗ ಕಟ್ಟಿ ಮೇಲಕ್ಕೆಳೆಯುವುದು ಪ್ಯಾರಾಸೇಲಿಂಗ್. ಹಿಮಾಚಲದ ಬೀರ್ ಬಿಲ್ಲಿಂಗ್‌ನಲ್ಲಿ ನಡೆಯುವಂತೆ, ರೆಕ್ಕೆಯಂಥ ಬಟ್ಟೆಯನ್ನು ಮೊದಲೇ ಬಿಚ್ಚಿಕೊಂಡು ಗುಡ್ಡದ ಇಳಿಜಾರಿನಿಂದ ತೇಲಿ ಹೊರಡುವುದು ಪ್ಯಾರಾಗ್ಲೈಡಿಂಗ್. ವಿಮಾನದಿಂದ ಜಿಗಿದು, ಸ್ವಲ್ಪ ಹೊತ್ತು ಹಾಗೇ ಬಿದ್ದು, ಆಮೇಲೆ ಪ್ಯಾರಾಚೂಟ್ ಬಿಚ್ಚುವುದು ಸ್ಕೈಡೈವಿಂಗ್. ಇದನ್ನೇ ಇನ್‌ಸ್ಟ್ರಕ್ಟರ್ ಜೊತೆ ಮಾಡಿದರೆ ಟ್ಯಾಂಡೆಮ್. ವಿಂಗ್‌ಸೂಟ್ ಎಂದರೆ ಸ್ಕೈಡೈವರ್ ತೊಡುವ ರೆಕ್ಕೆಯಂಥ ಉಡುಪು.

ಬಂಡೆಗಳ ಪಕ್ಕ ಹಾರುವ ವೈರಲ್ ವಿಡಿಯೊಗಳು ಇನ್ನೂ ಒಂದು ಹೆಜ್ಜೆ ಮುಂದಿನವು. ಅವು ವಿಂಗ್‌ಸೂಟ್ ತೊಟ್ಟು ಮಾಡುವ ಬೇಸ್ ಜಂಪಿಂಗ್. ಕಟ್ಟಡ, ಗೋಪುರ, ಸೇತುವೆ, ಬೆಟ್ಟದಂಥ ನೆಲಕ್ಕೆ ಅಂಟಿದ ಜಾಗಗಳಿಂದ ಜಿಗಿಯುವುದಕ್ಕೆ ಬೇಸ್ ಎನ್ನುತ್ತಾರೆ. ವಿಮಾನದಿಂದ ಜಿಗಿಯುವವರ ಬೆನ್ನಿನಲ್ಲಿ ಎರಡು ಪ್ಯಾರಾಚೂಟ್ ಇದ್ದರೆ, ಬೇಸ್ ಜಿಗಿತಗಾರರು ಸಾಮಾನ್ಯವಾಗಿ ಒಂದನ್ನೇ ಒಯ್ಯುತ್ತಾರೆ. ಎರಡನೆಯದನ್ನು ಬಿಚ್ಚುವಷ್ಟು ಸಮಯವೇ ಅಲ್ಲಿರುವುದಿಲ್ಲ.

ಟ್ಯಾಂಡೆಮ್ ಜಿಗಿತದಲ್ಲಿ ಏನೇನಾಗುತ್ತದೆ?

ಮೊದಲು ನೆಲದ ಮೇಲೆ ಅರ್ಧ ಗಂಟೆಯಷ್ಟು ಪಾಠ. ನಂತರ ನಿಮಗೆ ಹಾರ್ನೆಸ್ ತೊಡಿಸುತ್ತಾರೆ. ವಿಮಾನದೊಳಗೆ ಇನ್‌ಸ್ಟ್ರಕ್ಟರ್ ಅದನ್ನು ತಮ್ಮ ಹಾರ್ನೆಸ್‌ಗೆ ನಾಲ್ಕು ಕಡೆ ಸಿಕ್ಕಿಸುತ್ತಾರೆ: ಭುಜದ ಬಳಿ ಎರಡು, ಸೊಂಟದ ಬಳಿ ಎರಡು. ಪ್ಯಾರಾಚೂಟ್ ಇರುವುದು ಇನ್‌ಸ್ಟ್ರಕ್ಟರ್ ಬೆನ್ನ ಮೇಲೆ.

ಜಿಗಿದ ಕೆಲವೇ ಸೆಕೆಂಡಿನಲ್ಲಿ ಇನ್‌ಸ್ಟ್ರಕ್ಟರ್ ‘ಡ್ರೋಗ್’ ಎಂಬ ಪುಟ್ಟ ಪ್ಯಾರಾಚೂಟ್ ಎಸೆಯುತ್ತಾರೆ. ಇಬ್ಬರ ತೂಕ ಸೇರಿದಾಗ ಬೀಳುವ ವೇಗ ಗಂಟೆಗೆ 270 ಕಿ.ಮೀ. ದಾಟಬಹುದು. ಡ್ರೋಗ್ ಅದನ್ನು ಹಿಂದಕ್ಕೆಳೆದು, ಒಬ್ಬರೇ ಬೀಳುವಾಗಿನ ವೇಗಕ್ಕೆ, ಅಂದರೆ ಗಂಟೆಗೆ ಸುಮಾರು 190ರಿಂದ 200 ಕಿ.ಮೀ.ಗೆ ಇಳಿಸುತ್ತದೆ. ಸುಮಾರು 5,500 ಅಡಿ ಎತ್ತರದಲ್ಲಿ ದೊಡ್ಡ ಪ್ಯಾರಾಚೂಟ್ ಬಿಚ್ಚುತ್ತಾರೆ. ಅಲ್ಲಿಂದ ಐದಾರು ನಿಮಿಷ ನಿಧಾನವಾಗಿ ತೇಲುತ್ತ ಇಳಿಯುವುದು.

ಇಲ್ಲಿ ಒಂದು ಲೆಕ್ಕ ಗಮನಿಸಿ. 13,000 ಅಡಿಯಿಂದ ಜಿಗಿದರೆ ಸುಮಾರು 45ರಿಂದ 50 ಸೆಕೆಂಡ್ ಬೀಳುವ ಅನುಭವ ಸಿಗುತ್ತದೆ. 10,000 ಅಡಿಯಿಂದಾದರೆ 30 ಸೆಕೆಂಡ್ ಅಷ್ಟೆ. ಎರಡೂ ಕಡೆ ‘ಟ್ಯಾಂಡೆಮ್ ಜಂಪ್’ ಎಂದೇ ಬರೆದಿರುತ್ತಾರೆ. ಬೆಲೆ ಹೋಲಿಸುವಾಗ ಎತ್ತರವನ್ನೂ ಹೋಲಿಸಿ.

ಫಾರ್ವರ್ಡ್ 1: “ಪ್ಯಾರಾಚೂಟ್ ಬಿಚ್ಚಿದ ತಕ್ಷಣ ಮನುಷ್ಯ ಮೇಲಕ್ಕೆ ಹಾರುತ್ತಾನೆ”

ಸುಳ್ಳು. ವಿಡಿಯೊದಲ್ಲಿ ಹಾಗೆ ಕಾಣುವುದು ಮಾತ್ರ ನಿಜ. ಚಿತ್ರ ತೆಗೆಯುವವರೂ ಪಕ್ಕದಲ್ಲೇ ಅದೇ ವೇಗದಲ್ಲಿ ಬೀಳುತ್ತಿರುತ್ತಾರೆ. ಪ್ಯಾರಾಚೂಟ್ ಬಿಚ್ಚಿದವರ ವೇಗ ಗಂಟೆಗೆ 20 ಕಿ.ಮೀ. ಆಸುಪಾಸಿಗೆ ಇಳಿಯುತ್ತದೆ, ಕ್ಯಾಮೆರಾ ಮಾತ್ರ 190ರಲ್ಲಿ ಕೆಳಗೆ ಹೋಗುತ್ತಲೇ ಇರುತ್ತದೆ. ಹೆದ್ದಾರಿಯಲ್ಲಿ ಪಕ್ಕದ ಬಸ್ಸು ಬ್ರೇಕ್ ಹಾಕಿದಾಗ, ನಮ್ಮ ಕಿಟಕಿಯಿಂದ ಅದು ಹಿಂದಕ್ಕೆ ಹೋದಂತೆ ಕಾಣುವುದಿಲ್ಲವೇ, ಹಾಗೆಯೇ ಇದು.

ಫಾರ್ವರ್ಡ್ 2: “ಬೀಳುವಾಗ ಉಸಿರಾಡಲು ಆಗುವುದಿಲ್ಲ”

ಸುಳ್ಳು. ಮುಖಕ್ಕೆ ಗಾಳಿ ರಾಚುವುದರಿಂದ, ಭಯದಿಂದ ಕೆಲವರು ತಾವಾಗಿಯೇ ಉಸಿರು ಬಿಗಿಹಿಡಿಯುತ್ತಾರೆ. ಅದಕ್ಕೇ ಹಲವು ಇನ್‌ಸ್ಟ್ರಕ್ಟರ್‌ಗಳು “ಜಿಗಿದ ಕೂಡಲೇ ಜೋರಾಗಿ ಕೂಗಿ” ಎನ್ನುತ್ತಾರೆ. ಕೂಗಬೇಕಾದರೆ ಉಸಿರು ಬಿಡಲೇಬೇಕು, ಬಿಟ್ಟಮೇಲೆ ಎಳೆದುಕೊಳ್ಳಲೇಬೇಕು. ಆಮ್ಲಜನಕದ ವಿಷಯಕ್ಕೆ ಬಂದರೆ, 13,000 ಅಡಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ 60ಕ್ಕಿಂತ ತುಸು ಹೆಚ್ಚಿರುತ್ತದೆ. ಲಡಾಖ್‌ನ ಲೇಹ್ ಪಟ್ಟಣವೇ ಸುಮಾರು 11,500 ಅಡಿ ಎತ್ತರದಲ್ಲಿದೆ, ಜನ ಅಲ್ಲಿ ಬದುಕುತ್ತಿದ್ದಾರೆ. ನೀವು ಆ ಎತ್ತರದಲ್ಲಿರುವುದು ಕೆಲವೇ ನಿಮಿಷ.

ಫಾರ್ವರ್ಡ್ 3: “ಇನ್‌ಸ್ಟ್ರಕ್ಟರ್‌ಗೆ ಪ್ರಜ್ಞೆ ತಪ್ಪಿದರೆ ಇಬ್ಬರೂ ಹೋದಂತೆ”

ಇದು ಪೂರ್ತಿ ನಿಜವಲ್ಲ. ಟ್ಯಾಂಡೆಮ್ ಚೀಲದಲ್ಲಿ ಮುಖ್ಯ ಪ್ಯಾರಾಚೂಟ್ ಅಲ್ಲದೆ ಮೀಸಲು ಪ್ಯಾರಾಚೂಟ್ ಕೂಡ ಇರುತ್ತದೆ. ಜೊತೆಗೆ ಎಎಡಿ ಎಂಬ ಪುಟ್ಟ ಸ್ವಯಂಚಾಲಿತ ಯಂತ್ರ. ಗಾಳಿಯ ಒತ್ತಡ ಅಳೆದು ಎತ್ತರವನ್ನೂ ವೇಗವನ್ನೂ ಲೆಕ್ಕ ಹಾಕುವ ಈ ಯಂತ್ರ, ಸುಮಾರು 1,900 ಅಡಿಗೆ ಇಳಿದಾಗಲೂ ಬೀಳುವ ವೇಗ ತಗ್ಗದಿದ್ದರೆ ಮೀಸಲು ಪ್ಯಾರಾಚೂಟನ್ನು ತಾನೇ ಬಿಡುತ್ತದೆ. ಇದೊಂದು ಕೊನೆಯ ರಕ್ಷಣೆ ಅಷ್ಟೆ. ಪ್ಯಾರಾಚೂಟ್ ಬಿಚ್ಚಿದ ಮೇಲೆ ಅದನ್ನು ನಡೆಸುವ, ನೆಲಕ್ಕಿಳಿಸುವ ಕೆಲಸ ಯಂತ್ರದಿಂದ ಆಗದು. ಅಲ್ಲಿ ಬೇಕಾಗುವುದು ಪಳಗಿದ ಕೈ.

ಅದಕ್ಕೇ ಅಮೆರಿಕದ ವಿಮಾನಯಾನ ನಿಯಮದ ಪ್ರಕಾರ ಟ್ಯಾಂಡೆಮ್ ಇನ್‌ಸ್ಟ್ರಕ್ಟರ್ ಆಗಲು ಕನಿಷ್ಠ ಮೂರು ವರ್ಷದ ಅನುಭವ, 500 ಜಿಗಿತ, ಅತ್ಯುನ್ನತ ದರ್ಜೆಯ ಲೈಸೆನ್ಸ್ ಮತ್ತು ಟ್ಯಾಂಡೆಮ್‌ಗೆಂದೇ ಇರುವ ತರಬೇತಿ ಬೇಕು. ಬರೀ 500 ಜಿಗಿತ ಮಾಡಿದ್ದರೆ ಸಾಲದು. ಹೆದರಿ ಒದ್ದಾಡುವ, ಕೈ ಹಿಡಿದು ಬಿಡದ ಮನುಷ್ಯನನ್ನು ಎದೆಗೆ ಕಟ್ಟಿಕೊಂಡು ಸ್ಥಿರವಾಗಿ ಬೀಳುವುದನ್ನು ಬೇರೆಯಾಗಿಯೇ ಕಲಿಯಬೇಕು.

ಫಾರ್ವರ್ಡ್ 4: “ವಯಸ್ಸಾದವರು, ಸೀರೆ ಉಟ್ಟವರು ಜಿಗಿದದ್ದು ಎಡಿಟ್ ಮಾಡಿದ ವಿಡಿಯೊ”

ಎಲ್ಲವೂ ಎಡಿಟ್ ಅಲ್ಲ. ಅಮೆರಿಕದ ಮಾಜಿ ಅಧ್ಯಕ್ಷ ಜಾರ್ಜ್ ಎಚ್.ಡಬ್ಲ್ಯು. ಬುಷ್ 2014ರಲ್ಲಿ ತಮ್ಮ 90ನೇ ಹುಟ್ಟುಹಬ್ಬದಂದು ಟ್ಯಾಂಡೆಮ್ ಜಿಗಿತ ಮಾಡಿದ್ದರು. 2023ರಲ್ಲಿ ಡೊರೊತಿ ಹಾಫ್ನರ್ ಎಂಬ ಅಜ್ಜಿ 104ನೇ ವಯಸ್ಸಿನಲ್ಲಿ ಜಿಗಿದರು. ಇಬ್ಬರೂ ಜಿಗಿದದ್ದು ಇನ್‌ಸ್ಟ್ರಕ್ಟರ್ ಜೊತೆ. 2018ರಲ್ಲಿ ಥಾಯ್ಲೆಂಡ್‌ನಲ್ಲಿ ಒಂಬತ್ತು ಗಜದ ಸೀರೆ ಉಟ್ಟು ಜಿಗಿದ ಮಹಾರಾಷ್ಟ್ರದ ಶೀತಲ್ ಮಹಾಜನ್ ಅವರ ವಿಡಿಯೊ ಕೂಡ ನಿಜವೇ. ಆದರೆ ಅವರಿಗೆ ನೂರಾರು ಜಿಗಿತಗಳ ಅನುಭವವಿತ್ತು, ಸೀರೆ ಬಿಚ್ಚದಂತೆ, ಹಾರ್ನೆಸ್‌ಗೆ ಸಿಕ್ಕದಂತೆ ಮೊದಲೇ ಸಿದ್ಧತೆ ಮಾಡಿಕೊಂಡಿದ್ದರು. ಈ ವಿವರ ಫಾರ್ವರ್ಡ್‌ನಲ್ಲಿ ಇರುವುದಿಲ್ಲ.

ಫಾರ್ವರ್ಡ್ 5: “ವಿಂಗ್‌ಸೂಟ್ ಇದ್ದರೆ ಪ್ಯಾರಾಚೂಟ್ ಬೇಡ”

ಅಪಾಯಕಾರಿ ಸುಳ್ಳು. ವಿಂಗ್‌ಸೂಟ್ ತೊಟ್ಟವರು ಹಕ್ಕಿಯಂತೆ ಮೇಲಕ್ಕೇರುತ್ತ ಹಾರುವುದಿಲ್ಲ, ಓರೆಯಾಗಿ ಕೆಳಕ್ಕೆ ಜಾರುತ್ತಾರೆ. ಒಂದು ಕಿ.ಮೀ. ಕೆಳಗಿಳಿಯುವಷ್ಟರಲ್ಲಿ ಎರಡೂವರೆ ಕಿ.ಮೀ. ಆಸುಪಾಸು ಮುಂದೆ ಸಾಗುತ್ತಾರೆ. ಕೆಳಗಿಳಿಯುವ ವೇಗ ಗಂಟೆಗೆ 60–80 ಕಿ.ಮೀ.ಗೆ ತಗ್ಗಬಹುದು, ಆದರೆ ಮುಂದಕ್ಕೆ ಹೋಗುವ ವೇಗ 150 ಕಿ.ಮೀ. ಮೀರಿರುತ್ತದೆ. ಆ ವೇಗದಲ್ಲಿ ನೆಲ ಮುಟ್ಟುವುದೆಂದರೆ ಓಡುವ ಕಾರಿನಿಂದ ಧುಮುಕಿದಂತೆ. ಕೊನೆಗೆ ಪ್ಯಾರಾಚೂಟ್ ಬಿಚ್ಚಲೇಬೇಕು.

ಬ್ರಿಟನ್‌ನ ಸ್ಟಂಟ್ ಕಲಾವಿದ ಗ್ಯಾರಿ ಕಾನರಿ 2012ರ ಮೇ ತಿಂಗಳಲ್ಲಿ ಪ್ಯಾರಾಚೂಟ್ ಬಿಚ್ಚದೆ ವಿಂಗ್‌ಸೂಟ್‌ನಲ್ಲೇ ಇಳಿದದ್ದು ನಿಜ. ಆದರೆ ಅವರು ಇಳಿದದ್ದು ನೆಲದ ಮೇಲಲ್ಲ. ಅದಕ್ಕೆಂದೇ ಜೋಡಿಸಿದ್ದ 18 ಸಾವಿರಕ್ಕೂ ಹೆಚ್ಚು ರಟ್ಟಿನ ಪೆಟ್ಟಿಗೆಗಳ ರಾಶಿಯ ಮೇಲೆ.

200 ಜಿಗಿತದ ನಿಯಮ ಏಕೆ?

ಅಮೆರಿಕದ ಪ್ಯಾರಾಚೂಟ್ ಸಂಘವಾದ ಯುಎಸ್‌ಪಿಎ ನಿಯಮದಂತೆ, ಮೊದಲ ವಿಂಗ್‌ಸೂಟ್ ಹಾರಾಟಕ್ಕೆ ಮುನ್ನ ಕನಿಷ್ಠ 200 ಸ್ಕೈಡೈವ್ ಆಗಿರಬೇಕು. ಸಂಖ್ಯೆ ಸುಮ್ಮನೆ ಇಟ್ಟದ್ದಲ್ಲ, ಅದಕ್ಕೆ ನಾಲ್ಕು ಕಾರಣಗಳಿವೆ.

ಮೊದಲನೆಯದು ವಿಮಾನದ ಬಾಗಿಲು. ಹೊರಗೆ ಬಂದ ಕೂಡಲೇ ರೆಕ್ಕೆ ಬಿಚ್ಚಿದರೆ ಗಾಳಿ ಮೇಲಕ್ಕೆತ್ತಿ ವಿಮಾನದ ಬಾಲಕ್ಕೆ ಬಡಿಯಬಹುದು. ರೆಕ್ಕೆ ಮುಚ್ಚಿಕೊಂಡೇ ಹೊರಬಂದು, ವಿಮಾನ ದಾಟಿದ ಮೇಲೆ ತೆರೆಯಬೇಕು.

ಎರಡನೆಯದು ಗಿರಗಿರ ಸುತ್ತುವುದು. ರೆಕ್ಕೆಯ ಒಂದು ಬದಿ ತುಸು ಏರುಪೇರಾದರೂ ದೇಹ ಬುಗುರಿಯಂತೆ ತಿರುಗತೊಡಗಬಹುದು. ಕೈಕಾಲು ಒಳಕ್ಕೆಳೆದು ರೆಕ್ಕೆ ಮುಚ್ಚಿ ಸ್ಥಿರವಾಗುವುದು ಯೋಚಿಸದೆಯೇ ಬರುವ ಅಭ್ಯಾಸವಾಗಿರಬೇಕು.

ಮೂರನೆಯದು ಪ್ಯಾರಾಚೂಟ್ ಬಿಚ್ಚುವ ಗಳಿಗೆ. ಬಟ್ಟೆಯ ರೆಕ್ಕೆ ಕೈಗಳನ್ನು ಹಿಡಿದಿಟ್ಟಿರುತ್ತದೆ. ಎರಡೂ ಬದಿ ಸಮನಾಗಿ ಮುಚ್ಚಿಕೊಂಡು ಹಿಂದಕ್ಕೆ ಕೈ ಹಾಕಬೇಕು. ಬಿಚ್ಚಿದ ಮೇಲೆ ತೋಳಿನ ಜಿಪ್ ತೆಗೆಯುವವರೆಗೂ ಮೇಲಿನ ಹಿಡಿಕೆಗಳು ಸುಲಭವಾಗಿ ಕೈಗೆಟುಕುವುದಿಲ್ಲ.

ನಾಲ್ಕನೆಯದನ್ನು ಹೆಚ್ಚಿನವರು ಕೇಳಿರುವುದಿಲ್ಲ. ಮೇಲೆ ಹೇಳಿದ ಎಎಡಿ ಯಂತ್ರ ಸಾಮಾನ್ಯವಾಗಿ ಗಂಟೆಗೆ 125 ಕಿ.ಮೀ.ಗಿಂತ ವೇಗವಾಗಿ ಬೀಳುತ್ತಿದ್ದರೆ ಮಾತ್ರ ಕೆಲಸ ಮಾಡುತ್ತದೆ. ವಿಂಗ್‌ಸೂಟ್ ತೊಟ್ಟವರು 80ರ ವೇಗದಲ್ಲಿ ಇಳಿಯುತ್ತಿದ್ದರೆ, ಎಲ್ಲ ಸರಿಯಿದೆ ಎಂದುಕೊಂಡು ಯಂತ್ರ ಸುಮ್ಮನಿರಬಹುದು. ಅಂದರೆ ಟ್ಯಾಂಡೆಮ್‌ನಲ್ಲಿ ಕಾಯುವ ಯಂತ್ರ ಇಲ್ಲಿ ಕಾಯುತ್ತದೆಂಬ ಭರವಸೆಯಿಲ್ಲ.

ಪರಿಣತರಿಗೂ ಇದು ಸಲೀಸಲ್ಲ. ಆಧುನಿಕ ವಿಂಗ್‌ಸೂಟ್ ರೂಪಿಸಿದ ಫ್ರಾನ್ಸ್‌ನ ಪ್ಯಾಟ್ರಿಕ್ ಡಿ ಗೆಯಾರ್ಡನ್ 1998ರಲ್ಲಿ ಹವಾಯಿಯಲ್ಲಿ ಜಿಗಿಯುವಾಗ ತೀರಿಕೊಂಡರು. ತಮ್ಮ ಪ್ಯಾರಾಚೂಟ್ ಚೀಲದಲ್ಲಿ ಅವರು ಮಾಡಿಕೊಂಡಿದ್ದ ಮಾರ್ಪಾಟೇ ಮುಳುವಾಯಿತು. 2011ರಲ್ಲಿ ಚೀನಾದ ತಿಯಾನ್‌ಮೆನ್ ಬೆಟ್ಟದ ಗುಹೆಯೊಳಗೆ ಹಾದುಹೋದ ಜೆಬ್ ಕಾರ್ಲಿಸ್, ನಾಲ್ಕೇ ತಿಂಗಳಲ್ಲಿ ದಕ್ಷಿಣ ಆಫ್ರಿಕಾದ ಟೇಬಲ್ ಮೌಂಟನ್‌ನಲ್ಲಿ ಬಂಡೆಗೆ ಬಡಿದು ಕಾಲು ಮುರಿದುಕೊಂಡು ಬದುಕಿ ಬಂದರು.

ಹಾಗಾದರೆ ಅಪಾಯ ಎಷ್ಟು?

ಯುಎಸ್‌ಪಿಎ ಲೆಕ್ಕದಂತೆ 2024ರಲ್ಲಿ ಅಮೆರಿಕದಲ್ಲಿ ಸುಮಾರು 38.8 ಲಕ್ಷ ಜಿಗಿತಗಳು ನಡೆದು 9 ಜನ ಸತ್ತರು. ಟ್ಯಾಂಡೆಮ್‌ನಲ್ಲಿ ಜೊತೆಗೆ ಜಿಗಿಯುವವರ ಸಾವು ಸರಾಸರಿ 5 ಲಕ್ಷ ಜಿಗಿತಕ್ಕೆ ಒಂದು. ಸ್ಕೈಡೈವಿಂಗ್‌ನಲ್ಲಿ ಎಲ್ಲ ಸಾವೂ ಪ್ಯಾರಾಚೂಟ್ ಬಿಚ್ಚದೆ ಆಗುವುದಲ್ಲ. ಬಿಚ್ಚಿದ ಒಳ್ಳೆಯ ಪ್ಯಾರಾಚೂಟಿನಲ್ಲೇ ನೆಲದ ಹತ್ತಿರ ರಭಸದ ತಿರುವು ತೆಗೆದುಕೊಂಡು ಅನುಭವಿಗಳು ಸಾಯುವುದೂ ಉಂಟು.

ಆದರೆ ಈ ಅಂಕಿಗಳು ನಿಯಮ, ತಪಾಸಣೆ, ಲೆಕ್ಕಪತ್ರ ಸರಿಯಾಗಿರುವ ಕಡೆಯವು. ನಿಯಮ ಗಾಳಿಗೆ ತೂರುವ ಜಾಗಕ್ಕೆ ಇವು ಅನ್ವಯಿಸುವುದಿಲ್ಲ.

ದುಡ್ಡು ಕಟ್ಟುವ ಮುನ್ನ ಇಷ್ಟು ಕೇಳಿ

ಭಾರತದಲ್ಲಿ ಹರಿಯಾಣದ ನಾರ್ನೌಲ್‌ನಲ್ಲಿ ಟ್ಯಾಂಡೆಮ್ ಸ್ಕೈಡೈವಿಂಗ್ ನಡೆಯುತ್ತದೆ. ನಮ್ಮ ಮೈಸೂರಿನಲ್ಲೂ ಹಿಂದೆ ಶಿಬಿರಗಳು ನಡೆದಿವೆ. ದುಬೈಗೆ ಹೋದ ಕನ್ನಡಿಗರು ಪಾಮ್ ಜುಮೇರಾ ಮೇಲಿಂದ ಜಿಗಿದ ವಿಡಿಯೊ ಕಳಿಸುತ್ತಿರುತ್ತಾರೆ. ಎಲ್ಲೇ ಆಗಲಿ, ಈ ಪ್ರಶ್ನೆಗಳಿಗೆ ಉತ್ತರ ಪಡೆಯಿರಿ:

1. ಇನ್‌ಸ್ಟ್ರಕ್ಟರ್‌ಗೆ ಟ್ಯಾಂಡೆಮ್ ರೇಟಿಂಗ್ ಇದೆಯೇ, ಅದರ ಅವಧಿ ಮುಗಿದಿಲ್ಲ ತಾನೇ? ಕಾರ್ಡ್ ತೋರಿಸಲು ಹಿಂಜರಿದರೆ ಬೇರೆ ಕಡೆ ನೋಡಿ.
2. ಮೀಸಲು ಪ್ಯಾರಾಚೂಟನ್ನು ಕೊನೆಯ ಸಲ ಯಾವಾಗ ಬಿಚ್ಚಿ, ಪರೀಕ್ಷಿಸಿ, ಮತ್ತೆ ಮಡಚಿದರು? ಅಮೆರಿಕದ ನಿಯಮದಲ್ಲಿ 180 ದಿನ ದಾಟುವಂತಿಲ್ಲ. ಎಎಡಿ ಇದೆಯೇ?
3. ವಿಮಾನಕ್ಕೆ ಮತ್ತು ಜಾಗಕ್ಕೆ ಅಗತ್ಯ ಅನುಮತಿಗಳಿವೆಯೇ?
4. ತೂಕದ ಮಿತಿ ಎಷ್ಟು? ಹೆಚ್ಚಿನ ಕಡೆ 90ರಿಂದ 100 ಕೆ.ಜಿ. ತೂಕ ಕಡಿಮೆ ಹೇಳಬೇಡಿ. ಇಬ್ಬರ ಜೀವವೂ ಆ ಲೆಕ್ಕದ ಮೇಲೆ ನಿಂತಿದೆ.
5. ಗಾಳಿ, ಮೋಡ ಸರಿಯಿಲ್ಲದಿದ್ದರೆ ದಿನ ಬದಲಿಸುತ್ತಾರೆಯೇ? “ಇವತ್ತು ಆಗದು, ನಾಳೆ ಬನ್ನಿ” ಎನ್ನುವವರೇ ಒಳ್ಳೆಯವರು.
6. ನಿಮ್ಮ ವಿಮಾ ಪಾಲಿಸಿಯಲ್ಲಿ ಸಾಹಸ ಕ್ರೀಡೆ ಸೇರಿದೆಯೇ? ಹಲವು ಪಾಲಿಸಿಗಳು ಅದನ್ನು ಹೊರಗಿಟ್ಟಿರುತ್ತವೆ.

ಹೃದಯದ ತೊಂದರೆ, ಮೂರ್ಛೆರೋಗ, ಬೆನ್ನು ಅಥವಾ ಕತ್ತಿನ ನೋವು ಇದ್ದವರು ಮೊದಲು ವೈದ್ಯರನ್ನು ಕೇಳಿ. ಗರ್ಭಿಣಿಯರು ಜಿಗಿಯಬಾರದು. ಕುಡಿದು ಹೋಗಲೇಬಾರದು. ನೆಗಡಿಯಾಗಿ ಮೂಗು ಕಟ್ಟಿದ್ದರೆ ಇಳಿಯುವಾಗ ಕಿವಿ ವಿಪರೀತ ನೋಯುತ್ತದೆ. ಹಿಂದಿನ ದಿನ ಸ್ಕೂಬಾ ಡೈವಿಂಗ್ ಮಾಡಿದ್ದರೆ 24 ಗಂಟೆ ಕಾಯಿರಿ. ಎತ್ತರಕ್ಕೆ ಹೋದಾಗ ರಕ್ತದಲ್ಲಿ ಸಾರಜನಕದ ಗುಳ್ಳೆಗಳೇಳುವ ಅಪಾಯವಿದೆ.

ಅವತ್ತು ನೀವು ಮಾಡಬೇಕಾದ್ದು ಕೆಲವೇ ಕೆಲಸ. ಕಾಲಿಗೆ ಶೂ ಇರಲಿ, ಚಪ್ಪಲಿ ಬೇಡ. ಸರ, ಬಳೆ, ಜೇಬಿನಲ್ಲಿರುವ ಫೋನ್ ನೆಲದಲ್ಲೇ ಬಿಡಿ. ತೊಡೆಯ ಪಟ್ಟಿಗಳು ಬಿಗಿಯಾಗಿವೆಯೇ ಎಂದು ನೀವೂ ಕೈಯಿಟ್ಟು ನೋಡಿ, ಸಂಕೋಚವಿಲ್ಲದೆ ಕೇಳಿ. ಜಿಗಿಯುವಾಗ ಸೊಂಟ ಮುಂದಕ್ಕೆ, ತಲೆ ಹಿಂದಕ್ಕೆ, ಕಾಲು ಹಿಂದಕ್ಕೆ ಮಡಚಿ. ಇನ್‌ಸ್ಟ್ರಕ್ಟರ್ ಕೈಗಳನ್ನು ಮಾತ್ರ ಹಿಡಿಯಬೇಡಿ. ಇಳಿಯುವಾಗ ಹೇಳಿದ ಕೂಡಲೇ ಎರಡೂ ಕಾಲು ಮೇಲೆತ್ತಿ ಹಿಡಿಯಿರಿ. ಕಾಲು ಮೊದಲು ಊರಿದರೆ ಉಳುಕುವ, ಮುರಿಯುವ ಸಾಧ್ಯತೆಯಿದೆ.

ವಿಂಗ್‌ಸೂಟ್ ಆಸೆ ಇರುವವರಿಗೆ ದಾರಿ ಮುಚ್ಚಿಲ್ಲ. ಮೊದಲು ಟ್ಯಾಂಡೆಮ್, ಇಷ್ಟವಾದರೆ ಒಬ್ಬರೇ ಜಿಗಿಯುವ ಕೋರ್ಸ್, 25 ಜಿಗಿತ ಮುಗಿಸಿ ಎ ಲೈಸೆನ್ಸ್, ಆಮೇಲೆ 200ರವರೆಗೆ ತಾಳ್ಮೆ, ಅದಾದ ಮೇಲೆ ವಿಂಗ್‌ಸೂಟ್ ತರಬೇತಿ. ಮುಂದಿನ ಸಲ ಇಂಥ ವಿಡಿಯೊ ಬಂದಾಗ, ಅದು ಟ್ಯಾಂಡೆಮ್ಮೋ, ವಿಂಗ್‌ಸೂಟೋ, ಬೆಟ್ಟದಿಂದ ಜಿಗಿದದ್ದೋ ಎಂದು ಒಂದು ಸಾಲು ಬರೆದು ಕಳಿಸಿ. ಗ್ರೂಪಿನಲ್ಲಿರುವ ಯಾವುದೋ ಹುಡುಗ ಅದನ್ನು ನೋಡಿ ದುಡ್ಡು ಕಟ್ಟಲು ಹೊರಟಿರಬಹುದು.