ನಂಬಿಕೆ ಯಾರದು? ಬೈಬಲ್ಲಿನ ಒಂದು ಪದದ ಚರಿತ್ರೆ

ಕನ್ನಡ ಸತ್ಯವೇದ ದೇವರನ್ನು ‘ನಂಬಿಗಸ್ತ’ ಎಂದು ಕರೆಯುತ್ತದೆ. ಯಜಮಾನನ ಹಣ ಕೈಯಲ್ಲಿದ್ದರೂ ಒಂದು ಕಾಸು ಮುಟ್ಟದ ಆಳಿಗೆ ಸಲ್ಲುವ ಮಾತು ಇದು. ನಂಬುವವನಲ್ಲಿರುವುದು ನಂಬಿಕೆ, ಆ ನಂಬಿಕೆಗೆ ತಕ್ಕವನು ನಂಬಿಗಸ್ತ. ಎರಡಕ್ಕೂ ಧಾತು ಒಂದೇ. 19ನೆಯ ಶತಮಾನದ ಮೊದಲ ದಶಕಗಳಲ್ಲಿ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಬೈಬಲನ್ನು ಕನ್ನಡಕ್ಕೆ ತರಲು ತೊಡಗಿದ ಮೇಲೆ ಕನ್ನಡ ಅನುವಾದ ಹಲವು ಕೈಗಳಲ್ಲಿ ತಿದ್ದುಪಡಿ ಕಂಡಿದೆ. ಇಂದಿನ ಪಾಠದಲ್ಲಿರುವ ಈ ಪದಗಳ ಜೋಡಿ ಮೂಲಕ್ಕೆ ಬಹಳ ಹತ್ತಿರದ್ದು. ಹೀಬ್ರೂವಿನಲ್ಲೂ ಎರಡರ ಧಾತು ಒಂದೇ. ಗ್ರೀಕಿನಲ್ಲಿ ‘ಪಿಸ್ಟಿಸ್’ ಎಂಬ ಒಂದೇ ಪದ ಎರಡರ್ಥವನ್ನೂ ಹೊರುತ್ತದೆ. ಹಾಗಾದರೆ ಗ್ರಂಥ ಈ ಪದವನ್ನು ಆಡುವಾಗ ಮೊದಲು ಯಾರ ವಿಷಯ ಹೇಳುತ್ತಿದೆ, ಮನುಷ್ಯನದೋ ದೇವರದೋ?

‘ಎಮುನಾ’ ಎಂಬ ಹೀಬ್ರೂ ಪದ ಬೈಬಲ್ಲಿನ ಪುಟಗಳ ಕ್ರಮದಲ್ಲಿ ಮೊದಲು ಎದುರಾಗುವುದು ವಿಮೋಚನಕಾಂಡ 17ರಲ್ಲಿ, ಅದೂ ಒಬ್ಬ ಮುದುಕನ ಕೈಗಳ ಬಗ್ಗೆ. ಕೆಳಗೆ ಅಮಾಲೇಕ್ಯರೊಡನೆ ಯುದ್ಧ. ಗುಡ್ಡದ ಮೇಲೆ ಮೋಶೆ ಕೈಯೆತ್ತಿ ನಿಂತಿದ್ದಾನೆ. ಕೈ ಸೋತು ಇಳಿದಾಗೆಲ್ಲ ಶತ್ರುವಿನದು ಮೇಲುಗೈ. ಕೂರಲು ಒಂದು ಕಲ್ಲಿಟ್ಟು ಆರೋನ ಒಂದು ಕೈಗೆ, ಹೂರ ಇನ್ನೊಂದು ಕೈಗೆ ಆಸರೆ ಕೊಟ್ಟರು. ಹೊತ್ತು ಮುಳುಗುವ ತನಕ ಆ ಕೈಗಳು ‘ಎಮುನಾ’ ಆಗಿದ್ದವು, ಅಂದರೆ ಅಲುಗದೆ ನಿಂತವು. ಮನಸ್ಸಿನ ಭಾವವನ್ನಲ್ಲ, ಭಾರ ಬಿದ್ದರೂ ಕುಸಿಯದಿರುವುದನ್ನು ಈ ಪದ ಇಲ್ಲಿ ಹೇಳುತ್ತಿದೆ.

ಇದೇ ಧಾತುವಿನ ಕ್ರಿಯಾಪದ ಆದಿಕಾಂಡ 15ರಲ್ಲಿ ಅಬ್ರಾಮನಿಗೆ ಬಳಕೆಯಾಗಿದೆ: ಅವನು ದೇವರನ್ನು ನಂಬಿದ. ಆದರೆ ಎರಡೇ ವಚನ ದಾಟುವುದರೊಳಗೆ ಈ ದೇಶ ತನ್ನದಾಗುವುದೆಂದು ತಿಳಿಯುವುದು ಹೇಗೆ ಎಂದೂ ಕೇಳುತ್ತಾನೆ. ಉತ್ತರವಾಗಿ ಕಡಸು, ಆಡು, ಟಗರುಗಳನ್ನು ಸೀಳಿ ಹೋಳುಗಳನ್ನು ಎದುರುಬದುರು ಇಡಿಸಲಾಯಿತು. ಇಂಥ ಹೋಳುಗಳ ನಡುವೆ ಹಾದುಹೋಗುವುದೆಂದರೆ ‘ಮಾತು ತಪ್ಪಿದರೆ ನನಗೂ ಇದೇ ಗತಿಯಾಗಲಿ’ ಎಂಬ ಆಣೆ. ಯೆರೆಮೀಯ 34 ಇದನ್ನು ಸ್ಪಷ್ಟವಾಗಿಯೇ ಹೇಳುತ್ತದೆ. ಕ್ರಿ.ಪೂ. 8ನೆಯ ಶತಮಾನದ ಸೆಫೀರೆ ಅರಮಾಯಿಕ್ ಶಾಸನದಲ್ಲಿ ಸೀಳಿದ ಕರುವಿನ ಶಾಪ ತಗಲುವುದು ಅಧೀನ ರಾಜನಿಗೆ. ಆದಿಕಾಂಡದಲ್ಲಿ ಅಬ್ರಾಮನಿಗೆ ಗಾಢನಿದ್ರೆ. ಕತ್ತಲಲ್ಲಿ ಹೊಗೆಯಾಡುವ ಒಲೆ, ಉರಿಯುವ ಪಂಜು ಮಾತ್ರ ಹೋಳುಗಳ ನಡುವೆ ಹಾದುಹೋಗುತ್ತವೆ. ಆಣೆ ಇಟ್ಟವನು ದೇವರೊಬ್ಬನೇ.

ಇದಕ್ಕೊಂದು ಹೋಲಿಕೆ ಲಿಯೊನಾರ್ಡ್ ವೂಲಿ ಉತ್ಖನನ ನಡೆಸಿದ ಅಲಲಾಖ್‌ನಲ್ಲಿ, ಇಂದಿನ ದಕ್ಷಿಣ ತುರ್ಕಿಯಲ್ಲಿ, ಸಿಕ್ಕಿದೆ. ಅಲ್ಲಿನ ಒಂದು ಮಣ್ಣಿನ ಫಲಕದಲ್ಲಿ ಅಬ್ಬಾನ್ ಎಂಬ ದೊರೆ ಯಾರಿಮ್‌ಲಿಮ್‌ನಿಗೆ ನಗರವನ್ನು ಕೊಟ್ಟು, ಕುರಿಮರಿಯ ಕತ್ತು ಕೊಯ್ದು, ಕೊಟ್ಟದ್ದನ್ನು ಮರಳಿ ಪಡೆದರೆ ಶಾಪ ತನಗಿರಲಿ ಎನ್ನುತ್ತಾನೆ. ದೊಡ್ಡವನೇ ಚಿಕ್ಕವನಿಗೆ ಕಟ್ಟುಬೀಳುವ ಈ ಬಗೆಯ ದಾನವನ್ನು ಮೋಶೆ ವೈನ್‌ಫೆಲ್ಡ್ 1970ರಲ್ಲಿ ಅಬ್ರಹಾಮ ಮತ್ತು ದಾವೀದರ ಒಡಂಬಡಿಕೆಗಳ ಜೊತೆಗಿಟ್ಟು ಚರ್ಚಿಸಿದರು. ಅವರ ವರ್ಗೀಕರಣದ ಬಗ್ಗೆ ತಕರಾರುಗಳಿವೆ. ಆಣೆಯ ದಿಕ್ಕಿನ ಬಗ್ಗೆ ಅವರು ಹೇಳಿದ್ದು ಸರಿ ಎಂದೇ ನನ್ನ ನಿಲುವು.

ಆ ಆಣೆಗೆ ದೊಡ್ಡ ಪೆಟ್ಟು ಬಿದ್ದದ್ದು ಬಾಬಿಲೋನಿನವರ ಕೈಯಲ್ಲಿ ದಾವೀದನ ಸಿಂಹಾಸನ ಉರುಳಿದಾಗ. 89ನೆಯ ಕೀರ್ತನೆಯಲ್ಲಿ ‘ಎಮುನಾ’ ಏಳು ಸಲ ಬರುತ್ತದೆ. ಮೊದಲ ಆರು ಸಲ ಹೊಗಳಿಕೆಯಲ್ಲಿ, ವಾಗ್ದಾನದಲ್ಲಿ. ಆಮೇಲೆ ಕಿರೀಟ ಮಣ್ಣುಪಾಲಾದ ವರ್ಣನೆ. ಏಳನೆಯ ಸಲ ಅದೇ ಪದ ದೇವರ ಮುಖಕ್ಕೇ ಎಸೆದ ಪ್ರಶ್ನೆಯಲ್ಲಿದೆ: ದಾವೀದನಿಗೆ ಆಣೆಯಿಟ್ಟು ಹೇಳಿದ ಆ ಪ್ರೀತಿ ಈಗೆಲ್ಲಿ? ದೇವರ ನಂಬಿಗಸ್ತಿಕೆಯನ್ನು ನಂಬದವನು ಹೀಗೆ ಕೇಳಲಾರ. ಸಾಲಗಾರನ ಪತ್ರ ಕೈಯಲ್ಲಿರುವವನು ಬಾಗಿಲು ಬಡಿಯುವ ರೀತಿ ಅದು.

ಅದೇ ಬಾಬಿಲೋನಿನವರ ಭಯದಲ್ಲಿ ಮಾತಾಡಿದ ಹಬಕ್ಕೂಕನ ವಚನವೊಂದು (2:4) ನಮ್ಮ ಪ್ರಶ್ನೆಯನ್ನು ನೇರವಾಗಿ ಮುಟ್ಟುತ್ತದೆ. ನೀತಿವಂತ ‘ತನ್ನ’ ಎಮುನಾದಿಂದ ಬದುಕುವನು ಎಂಬುದು ಹೀಬ್ರೂ ಪಾಠ. ಸೆಪ್ಟುಅಜಿಂಟ್ ಎಂಬ ಪ್ರಾಚೀನ ಗ್ರೀಕ್ ಅನುವಾದದಲ್ಲಿ ದೇವರು ‘ನನ್ನ’ ಎನ್ನುತ್ತಾನೆ. 1947ರಲ್ಲಿ ಕುಮ್ರಾನ್ ಗುಹೆಯಲ್ಲಿ ಸಿಕ್ಕ ಹಬಕ್ಕೂಕನ ವ್ಯಾಖ್ಯಾನ ಇದನ್ನು ಅದನ್ನು ಬರೆದ ಪಂಗಡದ ಗುರುವಾದ ‘ನೀತಿಯ ಬೋಧಕ’ನ ಮೇಲಿನ ನಿಷ್ಠೆ ಎಂದು ಬಿಡಿಸುತ್ತದೆ. ಪೌಲ ರೋಮಾಪುರದವರಿಗೆ ಬರೆಯುವಾಗ ‘ತನ್ನ’, ‘ನನ್ನ’ ಎರಡನ್ನೂ ಬಿಟ್ಟ. ಇದು ಮರೆವಿನಿಂದ ಆದದ್ದು ಎನ್ನಲು ನನಗೆ ಮನಸ್ಸೊಪ್ಪುವುದಿಲ್ಲ. ಅದೇ ಪತ್ರದ 3ನೆಯ ಅಧ್ಯಾಯದಲ್ಲಿ, ಕೆಲವರು ನಂಬದೆ ಹೋದರೆ ದೇವರ ಪಿಸ್ಟಿಸ್ ಕೆಟ್ಟುಹೋಯಿತೇ ಎಂದು ಕೇಳಿ, ಎಂದಿಗೂ ಇಲ್ಲ ಎನ್ನುತ್ತಾನೆ. 9ರಿಂದ 11ನೆಯ ಅಧ್ಯಾಯಗಳ ಸಂಕಟವೂ ಇದೇ: ಇಸ್ರಾಯೇಲರಿಗೆ ಕೊಟ್ಟ ಮಾತನ್ನು ದೇವರು ಕೈಬಿಟ್ಟಿದ್ದರೆ ಅನ್ಯಜನರಿಗೆ ಕೊಟ್ಟ ಮಾತಿಗೆ ಏನು ಆಧಾರ?

ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಪೌಲ, ದೇವರ ವಾಗ್ದಾನಗಳಿಗೆಲ್ಲ ಕ್ರಿಸ್ತನಲ್ಲಿ ‘ಹೌದು’ ದೊರೆತಿದೆ, ನಮ್ಮ ಪಾಲಿನದು ‘ಆಮೆನ್’ ಎನ್ನುತ್ತಾನೆ. ಕನ್ನಡ ಸಭೆಗಳಲ್ಲಿ ಅನುವಾದವಾಗದೆ ಉಳಿದ ಆ ‘ಆಮೆನ್’ ಎಮುನಾದ ಧಾತುವಿನಿಂದಲೇ ಬಂದದ್ದು. 89ನೆಯ ಕೀರ್ತನೆಯ ಪ್ರಶ್ನೆಗೆ ಆ ಕೀರ್ತನೆಯೊಳಗೆ ಉತ್ತರವಿಲ್ಲ. ಕೀರ್ತನೆಗಳ ಮೂರನೆಯ ಸಂಪುಟ ಅಲ್ಲಿಗೆ ಮುಗಿಯುತ್ತದೆ. ಉತ್ತರ ಸಿಗದ ಆ ಪ್ರಶ್ನೆಯ ಕೆಳಗೆ, ಸಂಕಲನಕಾರರು ಒಂದು ಸಾಲಿನ ಸ್ತುತಿ ಸೇರಿಸಿ, ಆಮೆನ್ ಎಂಬುದನ್ನು ಎರಡು ಸಲ ಬರೆದಿದ್ದಾರೆ.