ಆರ್ಡೀರ್ ಸ್ಫೋಟಕ ಕಾರ್ಖಾನೆ: ಏಳುಬೀಳುಗಳ ಒಂದು ಅವಲೋಕನ

ಕೈಗಾರಿಕೆಗಳು ಸಾಮಾನ್ಯವಾಗಿ ಮಾರುಕಟ್ಟೆ ಹಾಗೂ ಜನವಸತಿಗಳ ಸಾಮೀಪ್ಯವನ್ನು ಅರಸುತ್ತವೆ. ಸ್ಕಾಟ್‌ಲೆಂಡಿನ ಏರ್‌ಷೈರ್ ಕಡಲತೀರದ ಆರ್ಡೀರ್ ಇದಕ್ಕೆ ಅಪವಾದ. ಅಲ್ಲಿ ಸ್ಥಳವನ್ನು ಆಯ್ದದ್ದು ಅಪಾಯ. ಆ ಅಪಾಯ ತಗ್ಗಿದಂತೆ ಸ್ಥಳದ ಮಹತ್ವವೂ ತಗ್ಗಿತೆಂಬುದನ್ನು ತೋರಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಆಲ್‌ಫ್ರೆಡ್ ನೊಬೆಲ್ ನೈಟ್ರೊಗ್ಲಿಸರಿನ್ ದ್ರವವನ್ನು ರಂಧ್ರಮಯ ಮಣ್ಣಿನಲ್ಲಿ ಹೀರಿಸಿ ಡೈನಮೈಟ್ ತಯಾರಿಸುವ ವಿಧಾನಕ್ಕೆ 1867ರಲ್ಲಿ ಪೇಟೆಂಟ್ ಪಡೆದನು. 1869ರ ಬ್ರಿಟಿಷ್ ಕಾಯಿದೆಯು ನೈಟ್ರೊಗ್ಲಿಸರಿನ್ನಿನ ತಯಾರಿಕೆ ಮತ್ತು ಸಾಗಣೆಗಳ ಮೇಲೆ ಕಠಿಣ ನಿರ್ಬಂಧ ಹೇರಿತು. ಗ್ಲಾಸ್ಗೊ ನಗರದ ಬಂಡವಾಳಗಾರರ ನೆರವಿನಿಂದ 1871ರಲ್ಲಿ ಬ್ರಿಟಿಷ್ ಡೈನಮೈಟ್ ಕಂಪನಿ ಸ್ಥಾಪನೆಯಾಯಿತು. 1873ರಲ್ಲಿ ಆರ್ಡೀರಿನಲ್ಲಿ ಉತ್ಪಾದನೆ ಮೊದಲಾಯಿತು. ಅಲ್ಲಿನ ಮರಳುದಿಬ್ಬಗಳೇ ರಕ್ಷಣಾಗೋಡೆಗಳಾದವು. ಒಂದು ಕೊಠಡಿ ಸಿಡಿದರೂ ಇನ್ನೊಂದಕ್ಕೆ ಹಬ್ಬದಂತೆ ಕಟ್ಟಡಗಳನ್ನು ದೂರದೂರ ಕಟ್ಟಿ ಸುತ್ತಲೂ ಮರಳಿನ ಏರಿ ಹಾಕಲಾಯಿತು. ರೈಲ್ವೆ ಕಂಪನಿಗಳು ಸಾಗಣೆಗೆ ಹಿಂಜರಿದಾಗ ಸಮುದ್ರಮಾರ್ಗ ಒದಗಿಬಂತು.

ದುಡಿಮೆಯ ಕ್ರಮವೂ ಅಪಾಯಕ್ಕೆ ಅನುಗುಣವಾಗಿತ್ತು. ನೈಟ್ರೊಗ್ಲಿಸರಿನ್ ಪಾತ್ರೆಯ ಉಷ್ಣತೆಯನ್ನು ಕಾಯುವವನಿಗೆ ಒಂಟಿಕಾಲಿನ ಪೀಠ. ತೂಕಡಿಸಿದರೆ ಆತ ಉರುಳಿಬೀಳುತ್ತಿದ್ದ. ಕಾಡತೂಸುಗಳನ್ನು ತುಂಬುವ ಕೆಲಸ ಹೆಚ್ಚಾಗಿ ಯುವತಿಯರದು. ಲೋಹದ ಕಿಡಿ ಹಾರಬಾರದೆಂದು ಅವರ ಕೂದಲಿನ ಪಿನ್ನುಗಳನ್ನೂ ತಪಾಸಿಸಲಾಗುತ್ತಿತ್ತು. ಇಷ್ಟಾಗಿಯೂ 1884ರ ಸ್ಫೋಟದಲ್ಲಿ ಹತ್ತು ಮಂದಿ ಯುವತಿಯರು ಮಡಿದರು.

1926ರಲ್ಲಿ ನೊಬೆಲ್ ಇಂಡಸ್ಟ್ರೀಸ್ ಸಂಸ್ಥೆಯು ಐಸಿಐ ಸಂಸ್ಥೆಯಲ್ಲಿ ವಿಲೀನಗೊಂಡಿತು. ಉಚ್ಛ್ರಾಯ ಕಾಲದಲ್ಲಿ ಆರ್ಡೀರಿನ ಕಾರ್ಮಿಕರ ಸಂಖ್ಯೆ ಸುಮಾರು 13,000ವನ್ನು ಮುಟ್ಟಿತ್ತು. ಆದರೆ 1950ರ ದಶಕದಿಂದ ಅಮೋನಿಯಂ ನೈಟ್ರೇಟ್ ಮತ್ತು ಇಂಧನತೈಲಗಳ ಮಿಶ್ರಣ ಬಳಕೆಗೆ ಬಂತು. ಅದು ಅಗ್ಗ, ನಿರ್ವಹಣೆಗೆ ಹೆಚ್ಚು ಸುರಕ್ಷಿತ. ಗಣಿಯ ಬಳಿಯಲ್ಲಿಯೇ ಬೆರೆಸಿಕೊಳ್ಳಬಹುದಾದದ್ದು. ದೂರದ ಕಡಲತೀರದಲ್ಲಿ ಅಪಾಯವನ್ನು ಒಂದೆಡೆ ಕೂಡಿಡುವ ಅಗತ್ಯವೇ ಕ್ಷೀಣಿಸಿತು. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳ ಅವನತಿಯೂ ಇದರೊಂದಿಗೆ ಸೇರಿತು. ಇಲ್ಲಿ 2000ದಲ್ಲಿ ತೆರೆದ ‘ದಿ ಬಿಗ್ ಐಡಿಯಾ’ ಎಂಬ ವಿಜ್ಞಾನ ಕೇಂದ್ರವೂ 2003ರಲ್ಲಿ ಮುಚ್ಚಿತು.

ಹೀಗೆ ಆರ್ಡೀರಿನ ಅವನತಿಯನ್ನು ಕೇವಲ ಆಡಳಿತದ ವೈಫಲ್ಯವೆಂದು ಭಾವಿಸುವುದು ಸಮಂಜಸವಲ್ಲ. ಅದರಲ್ಲಿ ಸುರಕ್ಷತೆಯ ಮುನ್ನಡೆಯೂ ಅಡಗಿದೆ. ಆದರೆ ಆ ಮುನ್ನಡೆಗೆ ಮೊದಲು ಬೆಲೆ ತೆತ್ತವರು ಕಾಡತೂಸು ಕೊಠಡಿಗಳ ಕಾರ್ಮಿಕರು. ನೊಬೆಲ್‌ನ ಹೆಸರು ಪಾರಿತೋಷಕದಲ್ಲಿ ಉಳಿದಿದೆ. ಅವರ ಬದುಕಿಗೆ ಮರಳಿನ ಆ ಏರಿಗಳೇ ದಾಖಲೆ. ಕೈಗಾರಿಕಾ ಇತಿಹಾಸಕಾರರು ಆವಿಷ್ಕಾರಗಳೊಂದಿಗೆ ಇಂತಹ ನೆಲದ ಕುರುಹುಗಳನ್ನೂ ಆಕರಗಳಾಗಿ ಪರಿಗಣಿಸಬೇಕಾಗಿದೆ.